ನನ್ನ ಅನುಭವ: ಹಳೇ ಲಿವರ್ ಟೂ-ಟೂ ಕೊನೆಗೂ ಒಂದಿಂಚಿಗೆ ಬಂತು

ನನ್ನ ಹಳೇ ಟೂ-ಟೂ (.22) ರೈಫಲ್, ಕೆಳಗಿನ ಲಿವರ್ ಎಳೆದು ತೋಟಾ ಏರಿಸೋದು, ಅದನ್ನ ನೋಡಿ ಎರಡು ವರ್ಷದಿಂದ ಶೂಟಿಂಗ್ ರೇಂಜಲ್ಲಿ ಎಲ್ರೂ ಹೇಳ್ತಿದ್ದಿದ್ದು ಒಂದೇ ಮಾತು, ‘ಅಣ್ಣ, ಅದು ಗೋಡೆಗೆ ನೇತಾಕೋ ಕೋವಿ ಕಣಣ್ಣ, ಟಾರ್ಗೆಟ್‌ಗೆ ಆಗಲ್ಲ’ ಅಂತ. ಹೋದ ತಿಂಗಳು 50 ಮೀಟರಲ್ಲಿ ಐದು ಗುಂಡು ಹೊಡ್ದೆ, ಪೇಪರ್ ತಂದು ಟೇಬಲ್ ಮೇಲೆ ಹಾಕಿ ಐದೂ ತೂತಿನ ಮೇಲೆ 10 ರುಪಾಯಿ ಕಾಯಿನ್ ಇಟ್ರೆ ಮುಚ್ಕೊಂತು. ಸ್ಕೋಪ್ ಇಲ್ಲ, ಸಣ್ಣ ತೂತಲ್ಲಿ ಕಣ್ಣಿಟ್ಟು ಗುರಿ ನೋಡೋ ಪೀಪ್ ಸೈಟು ಅಷ್ಟೇ. ಅವತ್ತೇ ಬರೀಬೇಕು ಅನ್ಕೊಂಡೆ. ಟೂ-ಟೂ ಇಟ್ಕೊಂಡಿರೋರಿಗೆ ಬೇಸಿಕ್ ಎಲ್ಲಾ ಗೊತ್ತಿರುತ್ತೆ, ಅದನ್ನ ಹೇಳ್ತಾ ಕೂರಲ್ಲ.

ರೈಫಲ್ ಮಾರ್ಲಿನ್ 39ಎ. 24 ಇಂಚ್ ಬ್ಯಾರಲ್, ಅದರ ಕೆಳಗಿನ ಟ್ಯೂಬಲ್ಲಿ ಲಾಂಗ್ ರೈಫಲ್ ಅನ್ನೋ ತೋಟಾ 19 ಹಿಡಿಯುತ್ತೆ. ಬ್ಯಾರಲ್ ಮೇಲೆ ಮೈಕ್ರೋ ಗ್ರೂವ್ (ಒಳಗೆ ಗುಂಡು ತಿರುಗಿಸೋ ಸಣ್ಣ ಸಣ್ಣ ಗೆರೆ) ಅನ್ನೋ ಅಚ್ಚಿಲ್ಲ, ಒಳಗೂ ಹಳೇ ಕಾಲದ ಅಗಲ ಗ್ರೂವೇ, ಅಂದ್ರೆ 50ರ ದಶಕದ ಶುರುವಿಗಿಂತ ಈಚೆಗಿನದ್ದಲ್ಲ. ಸಕಲೇಶಪುರ ಕಡೆ ಎಸ್ಟೇಟ್ ಯಜಮಾನ್ರದ್ದು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಲಿ ಒಬ್ರಿಗೆ ಮೂರು ಇದ್ದಿದ್ದು ಎರಡೇ ಕೋವಿ ಅಂತ ಆಯ್ತಲ್ಲ, ಅವರು ಡಬಲ್ ಬ್ಯಾರಲ್ಲು, ಪಿಸ್ತೂಲು ಇಟ್ಕೊಂಡು ಇದನ್ನ ಡೀಲರ್ ಹತ್ರ ಬಿಟ್ಟಿದ್ರು. ಬೀರು ಮೂಲೇಲಿ ಧೂಳು ಹಿಡ್ಕೊಂಡು ನಿಂತಿತ್ತು. 80ರ ದಶಕದಲ್ಲಿ ಆಮದು ನಿಂತ ಮೇಲೆ ಇಂಥ ಸಾಮಾನಿಗೆ ಹೇಳಿದ್ದೇ ರೇಟು. 2 ಲಕ್ಷದಿಂದ ಶುರು ಮಾಡಿದ್ರು, ನಾನು ನಾಲ್ಕು ಸಲ ಹೋಗಿ ಕಾಫಿ ಕುಡಿದು ಬಂದು 1 ಲಕ್ಷ 65ಕ್ಕೆ ಇಳಿಸ್ದೆ. ಎನ್‌ಒಸಿ, ಮಂಡ್ಯ ಡೀಸಿ ಆಫೀಸಲ್ಲಿ ಲೈಸೆನ್ಸ್ ಎಂಟ್ರಿ, ಓಡಾಟ ಎಲ್ಲಾ ಸೇರಿ ಆರು ತಿಂಗಳು ಹೋಯ್ತು, ಇನ್ನೊಂದು 12-13 ಸಾವಿರ ಕೈಬಿಡ್ತು.

ಕೊಳ್ಳೋ ಮುಂಚೆ ನಾನು ನೋಡಿದ್ದು ಒಂದೇ, ಬ್ಯಾರಲ್. ಬೇರೆ ಎಷ್ಟೋ ಲಿವರ್ ಕೋವಿಗಳನ್ನ ಬಾಯಿ ಕಡೆಯಿಂದನೇ ರಾಡ್ ಹಾಕಿ ಕ್ಲೀನ್ ಮಾಡ್ತಾರೆ, ಹಂಗಾಗಿ ತುದಿ ಸವೆದು ಗ್ರೂಪು, ಅಂದ್ರೆ ಗುಂಡುಗಳು ಒಂದೇ ಕಡೆ ಒತ್ತಾಗಿ ಬೀಳೋದು, ಹಾಳಾಗುತ್ತೆ. 39ಎ ಟೇಕ್‌ಡೌನು, ಬಲಗಡೆ ದಪ್ಪ ಸ್ಕ್ರೂ ಒಂದು ಬಿಚ್ಚಿದ್ರೆ ಎರಡು ಭಾಗ ಆಗುತ್ತೆ, ತೋಟಾನ ಹಿಂದಿನಿಂದ ಮುಚ್ಚೋ ಬೋಲ್ಟ್ ತೆಗೆದು ಹಿಂದಿನಿಂದ ರಾಡ್ ಹಾಕ್ಬೋದು. ಯಜಮಾನ್ರು ಹಂಗೇ ಮಾಡಿದ್ರು ಅನ್ಸುತ್ತೆ, ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ರೆ ಒಳಗೆ ಕನ್ನಡಿ ತರ. ಅಲ್ಲೇ ಅಡ್ವಾನ್ಸ್ ಕೊಟ್ಬಿಟ್ಟೆ.

ಮೊದಲನೇ ದಿನ ಹತ್ತು ತೋಟಾದಲ್ಲಿ ಮೂರು ಹತ್ಲೇ ಇಲ್ಲ, ಸಿಡೀಲಿಲ್ಲ. ತೋಟಾ ತಳದ ರಿಮ್ (ಅಂಚು) ಮೇಲೆ, ಅದಕ್ಕೆ ಬಡಿದು ಸಿಡಿಸೋ ಪಿನ್ನಿನ ಗುರುತು ಸುಮ್ನೆ ಉಗುರಲ್ಲಿ ಒತ್ತಿದಂಗೆ. ಹೊಡೆದಿದ್ದೂ 50 ಮೀಟರಲ್ಲಿ ಅಂಗೈಗಿಂತ ದೊಡ್ಡದಾಗಿ ಚೆದುರಿತ್ತು, ನಾಲ್ಕು ನಾಲ್ಕೂವರೆ ಇಂಚು. ಪಕ್ಕದ ಲೇನಲ್ಲಿ ಬೋಲ್ಟ್ ಆಕ್ಷನ್ ಹೊಡೀತಿದ್ದ ಗೆಳೆಯ ಹತ್ರ ಬಂದು ನೋಡಿ, ಏನೂ ಹೇಳ್ದೆ ವಾಪಸ್ ಹೋದ. ಬೈದಿದ್ರೂ ಅಷ್ಟು ಬೇಜಾರಾಗ್ತಿರ್ಲಿಲ್ಲ.

ಆಮೇಲೆ ದುಡ್ಡು ಕಳ್ಕೊಂಡಿದ್ದು. ರಿಪೇರಿಯವರೊಬ್ರು ಪಿನ್ ಸವೆದಿದೆ ಅಂದ್ರು, 4500 ತಗೊಂಡು ಹೊಸದು ಮಾಡಿಕೊಟ್ರು. ಹತ್ತಕ್ಕೆ ಹತ್ತೂ ಹತ್ತಿದ್ವು, ಖುಷಿಯಾಗಿ ಮನೆಗೆ ಬಂದು ಬೋಲ್ಟ್ ಬಿಚ್ಚಿ ನೋಡಿದ್ರೆ ತೋಟಾ ಕೂರೋ ಚೇಂಬರ್ ಅಂಚಲ್ಲಿ ಸಣ್ಣ ನೆಗ್ಗು. ಪಿನ್ ಒಂದೆಳೆ ಉದ್ದ ಆಗೋಗಿತ್ತು. ತೋಟಾ ಇಲ್ದೆ ಟ್ರಿಗರ್ ಎಳೆದು ಪ್ರಾಕ್ಟೀಸ್ ಮಾಡಿದ್ದೆ, ಪಿನ್ ನೇರ ಉಕ್ಕಿಗೇ ಬಡಿದಿದೆ. ಇಂಥ ರಿಮ್‌ಫೈರಲ್ಲಿ (ರಿಮ್‌ಗೆ ಬಡಿದು ಸಿಡಿಯೋದು) ಡಮ್ಮಿ ತೋಟಾ ಇಲ್ದೆ ಟ್ರಿಗರ್ ಎಳೀಬಾರ್ದು ಅಂತ ಇಪ್ಪತ್ತು ಜನಕ್ಕೆ ಹೇಳಿರೋನು ನಾನು. ಆ ನೆಗ್ಗು ಸರಿ ಮಾಡ್ಸೋಕೆ ಇನ್ನೊಬ್ರಿಗೆ 6 ಸಾವಿರ.

ಅಸಲಿ ರೋಗ ಬೇರೇನೇ ಇತ್ತು. ಹಳೇ ಪಿನ್ ಕೂರೋ ಜಾಗದಲ್ಲಿ ಎಷ್ಟು ವರ್ಷದ ಎಣ್ಣೆನೋ ಏನೋ, ಹೆಪ್ಪುಗಟ್ಟಿ ಕಂದುಬಣ್ಣದ ಮೇಣ ಆಗಿತ್ತು, ಆಲೆಮನೆ ಕೊಪ್ಪರಿಗೆ ತಳದಲ್ಲಿ ಅಂಟ್ಕೊಂಡಿರುತ್ತಲ್ಲ ಹಂಗೆ. ಒಂದು ರಾತ್ರಿ ಸೀಮೆಎಣ್ಣೇಲಿ ನೆನೆಹಾಕಿ, ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ, ಒಣಗಿಸಿ, ಹಳೇ ಪಿನ್ನೇ ವಾಪಸ್ ಹಾಕ್ದೆ. ಅವತ್ತಿಂದ ಇವತ್ತಿನವರೆಗೂ ಹತ್ತದೇ ಇರೋ ತೋಟಾ ಎರಡೋ ಮೂರೋ ಅಷ್ಟೇ. ಖರ್ಚು ಅರ್ಧ ಲೀಟರ್ ಸೀಮೆಎಣ್ಣೆ.

ಇಷ್ಟರಲ್ಲಿ 2024ರ ಎಲೆಕ್ಷನ್ ಬಂತು. ಮಾರ್ಚ್ 16ಕ್ಕೆ ನೀತಿಸಂಹಿತೆ, ಕೋವಿ ಡೆಪಾಸಿಟ್ ಮಾಡಿ ಅಂತ ಹೇಳಿಕಳಿಸಿದ್ರು. ನಮ್ಮಲ್ಲಿ ಓಟು ಏಪ್ರಿಲ್ 26ಕ್ಕೇ ಮುಗಿದ್ರೂ ರಿಸಲ್ಟ್ ಜೂನ್ 4ಕ್ಕೆ, ಅದಾದ ಮೇಲೇ ಕೈಗೆ ಬಂದಿದ್ದು. ಎಲ್ಲಿಟ್ಟಿದ್ದೆ ಅಂತ ಹೇಳಲ್ಲ. ಎಣ್ಣೆ ಬಟ್ಟೆ ಸುತ್ತಿ ಕೊಟ್ಟಿದ್ದೆ, ಬಟ್ಟೆ ಇರ್ಲಿಲ್ಲ. ರಿಸೀವರ್ (ಕೋವಿ ನಡುವಿನ ಉಕ್ಕಿನ ಭಾಗ) ಎಡಗಡೆ ಬ್ಲೂಯಿಂಗ್ ಅನ್ನೋ ಕಪ್ಪು-ನೀಲಿ ಮೆರುಗಿನ ಮೇಲೆ ಯಾರದೋ ನಾಲ್ಕು ಬೆರಳು ತುಕ್ಕಲ್ಲಿ ಅಚ್ಚಾಗಿತ್ತು, ಬೆರಳಿನ ಗೆರೆ ಕೂಡ ಎಣಿಸ್ಬೋದು. ಮೆತ್ತಗೆ ಉಜ್ಜಿ ತೆಗೆದೆ, ಆದ್ರೆ ಓರೆ ಬೆಳಕಲ್ಲಿ ಇವತ್ತಿಗೂ ಕಾಣುತ್ತೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ಇನ್ನು ಗ್ರೂಪ್ ವಿಚಾರ. ನನ್ನ ಲೈಸೆನ್ಸಲ್ಲಿ ವರ್ಷಕ್ಕೆ 200 ಗುಂಡು. ಮ್ಯಾಚ್ ಹುಡುಗರ ತರ ದಿನಕ್ಕೆ 60 ಹೊಡ್ದು ನೋಡೋ ಹಂಗಿಲ್ಲ, ಗುಂಡಿಗೆ 30 ಚಿಲ್ರೆ ರುಪಾಯಿ ಬೇರೆ. ಅದಕ್ಕೆ ಒಂದು 100 ಪೇಜಿನ ನೋಟ್‌ಬುಕ್ ಇಟ್ಟೆ, ಪ್ರತಿ ಗುಂಡಿಗೂ ಒಂದು ಸಾಲು, ಎಲ್ಲಿ ಬಿತ್ತು, ಗಾಳಿ ಯಾವ ಕಡೆ, ಬ್ಯಾರಲ್ ಬಿಸಿನೋ ತಣ್ಣಗೋ. ಮೂರು ತಿಂಗಳ ಸಾಲು ಒಟ್ಟಿಗೆ ಓದ್ದಾಗ ಗೊತ್ತಾಯ್ತು, ಬಿಚ್ಚಿ ಕ್ಲೀನ್ ಮಾಡಿ ತಂದ ದಿನ ಗ್ರೂಪು ಒಂದು ಕಡೆ ಇರುತ್ತೆ, ಇಪ್ಪತ್ತು ಗುಂಡಾದ ಮೇಲೆ ಇನ್ನೊಂದು ಕಡೆ ಜಾರುತ್ತೆ. ಬ್ಯಾರಲ್ ಹೋಗಿದ್ರೆ ಹಿಂಗೆ ಜಾರಲ್ಲ, ಸುಮ್ನೆ ಚೆದುರುತ್ತೆ. ಅಂದ್ರೆ ಎಲ್ಲೋ ಏನೋ ಸಡಿಲ ಇದೆ ಅನ್ನಿಸ್ತು.

ರಾತ್ರಿ ಟಿವಿ ಆಫ್ ಮಾಡಿ, ಕೋವಿ ಖಾಲಿ ಇದೆ ಅಂತ ಎರಡೆರಡು ಸಲ ನೋಡಿ, ಬಟ್ಟು (ಹಿಂದಿನ ಮರದ ಭಾಗ) ತೊಡೆ ಮೇಲಿಟ್ಟು ಬ್ಯಾರಲ್ ಹಿಡಿದು ಮೆತ್ತಗೆ ಅಲ್ಲಾಡಿಸ್ದೆ. ಟಿಕ್. ಇನ್ನೊಂದ್ಸಲ, ಟಿಕ್. ಟೇಕ್‌ಡೌನ್ ಜಾಯಿಂಟಲ್ಲಿ ಕೂದಲೆಳೆಯಷ್ಟು ಆಟ. ರಿಸೀವರ್ ಎರಡು ಭಾಗ ಕೂಡೋ ಗೆರೇಲಿ ಹಿಂದಿನಿಂದ ಟಾರ್ಚ್ ಬಿಟ್ರೆ ಬೆಳಕು ಬರ್ತಿತ್ತು. ನನ್ನ ಪೀಪ್ ಸೈಟ್ ಇರೋದು ಹಿಂದಿನ ಭಾಗದ ಮೇಲೆ, ಬ್ಯಾರಲ್ ಮುಂದಿನ ಭಾಗದಲ್ಲಿ, ಎರಡರ ನಡುವೆ ಆಟ ಇದ್ರೆ ದೇವ್ರು ಬಂದು ಹೊಡೆದ್ರೂ ಗ್ರೂಪ್ ಬರಲ್ಲ. ಎರಡು ವರ್ಷ ಬ್ಯಾರಲ್ ಬ್ಯಾರಲ್ ಅಂದವ್ರು ಒಬ್ರೂ ಆ ಸ್ಕ್ರೂ ಮುಟ್ಟಿ ನೋಡಿರ್ಲಿಲ್ಲ.

ಜಾಯಿಂಟಿಗೆ ಏನು ಹಾಕ್ದೆ, ಎಷ್ಟು ದಪ್ಪದ್ದು ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಕೋವಿ ತಗೊಂಡು ಬಂದ್ರೆ ತೋರಿಸ್ತೀನಿ. ಉಕ್ಕನ್ನ ಒಂಚೂರೂ ಉಜ್ಜಿಲ್ಲ, ಕೊರೆದಿಲ್ಲ, ಬೇಡ ಅಂದ್ರೆ ನಾಳೆನೇ ತೆಗೀಬೋದು. ಸ್ಕ್ರೂನ ಎಷ್ಟು ಟೈಟ್ ಮಾಡ್ಬೇಕು ಅನ್ನೋದಕ್ಕೂ ಒಂದು ಗುರುತಿದೆ, ಪ್ರತಿ ಸಲ ಅಲ್ಲಿಗೇ ತರ್ಬೇಕು. ಮಾರನೇ ಭಾನುವಾರ ನಾಲ್ಕೂವರೆ ಇಂಚು ಒಂದೂಮುಕ್ಕಾಲಾಯ್ತು.

ಅಲ್ಲಿಂದ ಒಂದಿಂಚಿಗೆ ಬಂದಿದ್ದು ಗುಂಡಿನಿಂದ. ಹೈ ವೆಲಾಸಿಟಿ ಚೆನ್ನಾಗಿ ಹೋಗುತ್ತೆ ಅಂತ ಮೊದ್ಲಿಂದ ಅದನ್ನೇ ತುಂಬ್ತಿದ್ದೆ, ಈ ಬ್ಯಾರಲ್‌ಗೆ ನಿಧಾನದ್ದೇ ಇಷ್ಟ. ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡಿನ ಒಂದು ಲಾಟ್ (ಒಂದೇ ಸಲ ತಯಾರಾದ ಸರಕು) ಸಿಕ್ಕಿತ್ತು, ಆ ಡಬ್ಬಿ ನಂಬರ್ ನೋಡ್ಕೊಂಡು ಉಳಿದಿದ್ದನ್ನೂ ಅದೇ ಡೀಲರ್ ಹತ್ರ ಹಿಡಿಸಿ ಇಟ್ಟಿದ್ದೀನಿ.

ನಡುವೆ ರಿಮ್ ದಪ್ಪ ಅಳೆದು ಗುಂಡು ಬೇರೆ ಮಾಡೋ ಹುಚ್ಚೂ ಹಿಡೀತು. ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇಥ್ ಇಟ್ಟಿರೋ ನಮ್ಮ ಭಾವಮೈದ ಗೇಜ್ ಮಾಡಿಕೊಟ್ಟ, ದುಡ್ಡು ಮುಟ್ಲಿಲ್ಲ, ಬೆಲ್ಲ ಒಂದು ಪಿಂಡಿ ಕೊಟ್ಟೆ. 100 ಗುಂಡು ಅಳೆದು ಮೂರು ಗುಂಪು ಮಾಡಿ ಹೊಡ್ದೆ. 50 ಮೀಟರಲ್ಲಿ ವ್ಯತ್ಯಾಸ ಏನೂ ಕಾಣ್ಲಿಲ್ಲ. ಆದ್ರೆ ಬಟ್ಟಿಗೆ ಅಗಸೆ ಎಣ್ಣೆ ಹಚ್ಚಿದ್ದು ಸಾರ್ಥಕ ಆಯ್ತು, ದಿನಕ್ಕೆ ನಾಲ್ಕೇ ಹನಿ, ಅಂಗೈ ಬಿಸಿಯಾಗೋ ತನಕ ಉಜ್ಜೋದು, 20 ದಿನ. ಕಪ್ಪು ಕಟ್ಟಿದ್ದ ವಾಲ್‌ನಟ್ಟಲ್ಲಿ ಹುಲಿ ಪಟ್ಟೆ ತರ ಗೆರೆ ಎದ್ದು ಬಂತು.

ಏನೂ ಹೇಳ್ದೆ ವಾಪಸ್ ಹೋಗಿದ್ದ ಗೆಳೆಯ ಹೋದ ತಿಂಗಳು ಆ ಪೇಪರ್ ನೋಡಿ, ‘ಒಂದ್ ಐದು ನಾನೂ ಹೊಡಿಲಾ’ ಅಂದ. ಕೊಟ್ಟೆ. ಲಿವರ್ ಎಳೆದ ತಕ್ಷಣ ಮುಖ ಬದಲಾಯ್ತು, ಒಂಚೂರೂ ಕರಕರ ಇಲ್ಲ. ಅವನದ್ದು ಒಂದೂಕಾಲಿಂಚು ಬಂತು. ಈ ವರ್ಷದ ಕೋಟಾದಲ್ಲಿ ಇನ್ನು 38 ಉಳಿದಿದೆ, ಮಳೆ ಬಿಟ್ಟ ಮೇಲೆ 100 ಮೀಟರಲ್ಲಿ 20 ಹೊಡೀತೀನಿ.