ಮರಿಯ ತಲೆ ಮೇಲಿನ ಚುಕ್ಕೆ

ಎಲ್ಲವೂ ಹೇಟೆಗಳೇ ಅಂತ ಹೇಳಿ ಕೊಟ್ಟ 20 ಮರಿಗಳಲ್ಲಿ 9 ಹುಂಜಗಳಾದವು. ಮೊಟ್ಟೆಗೆಂದೇ ಕೋಳಿ ಸಾಕುವವರಿಗೆ ಆ ಹೊಟ್ಟೆಯುರಿ ಗೊತ್ತು. ಇನ್ನು ಮರಿಗಳನ್ನು ನಾನೇ ಮಾಡಿಸಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ನನ್ನಲ್ಲಿ ಕಪ್ಪು-ಬಿಳಿ ಪಟ್ಟೆಯ ಪ್ಲಿಮತ್ ರಾಕ್ ಇದ್ದವು, ಕೆಂಪು ಬಣ್ಣದ ರೋಡ್ ಐಲ್ಯಾಂಡ್ ರೆಡ್ ಕೂಡ ಇದ್ದವು. ಇವೆರಡನ್ನು ಕೂಡಿಸಿದರೆ ಹುಟ್ಟಿದ ದಿನವೇ ಗಂಡು-ಹೆಣ್ಣು ತಿಳಿಯುತ್ತದೆ ಅಂತ ಕೇಳಿದ್ದೆ. ಪಟ್ಟೆ ಹುಂಜ ಗಟ್ಟಿಮುಟ್ಟಾಗಿತ್ತು, ಅದನ್ನೇ ಕೆಂಪು ಹೇಟೆಗಳ ಜೊತೆ ಬಿಟ್ಟೆ. 21 ದಿನ ಕಾದಿದ್ದಕ್ಕೆ ಸಿಕ್ಕಿದ್ದು ಬರೀ ಕಪ್ಪು ಮರಿಗಳು, ಎಲ್ಲದರ ತಲೆ ಮೇಲೂ ಬಿಳಿ ಚುಕ್ಕೆ!

ಜೋಡಿ ತಿರುಗುಮುರುಗಾಗಿತ್ತು. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಅನ್ನೋದು ತಂದೆಯ ಕ್ರೋಮೋಸೋಮಿನಿಂದ ನಿರ್ಧಾರವಾಗುತ್ತದೆ. ಕೋಳಿಗಳಲ್ಲಿ ತಾಯಿಯದರಿಂದ. ಹುಂಜಕ್ಕೆ ಎರಡು ಝಡ್, ಹೇಟೆಗೆ ಒಂದು ಝಡ್ ಮತ್ತು ಒಂದು ಡಬ್ಲ್ಯೂ. ಪಟ್ಟೆಯ ಜೀನ್ ಕೂತಿರುವುದು ಝಡ್ ಮೇಲೆ. ಅದು ಬಂದ ಕಪ್ಪು ಮರಿಯ ತಲೆ ಮೇಲೆಯೇ ಆ ಬಿಳಿ ಚುಕ್ಕೆ ಕಾಣುವುದು. ಹೇಟೆ ತನ್ನ ಝಡ್ ಕೊಡುವುದು ಗಂಡು ಮರಿಗೆ ಮಾತ್ರ. ಹೆಣ್ಣು ಮರಿಯ ಝಡ್ ಅಪ್ಪನಿಂದಲೇ ಬರಬೇಕು. ಅಂದರೆ ಪಟ್ಟೆ ಅಮ್ಮನಲ್ಲಿರಬೇಕು, ಅಪ್ಪನಲ್ಲಿ ಇರಲೇಬಾರದು. ಅಪ್ಪಟ ತಳಿಯ ಪಟ್ಟೆ ಹುಂಜ ಹೇಟೆಗಿಂತ ತಿಳಿಬಣ್ಣ ಇರುತ್ತದಲ್ವಾ? ಅದರಲ್ಲಿ ಆ ಜೀನ್ ಎರಡೆರಡು ಇರುವುದೇ ಅದಕ್ಕೆ ಕಾರಣ.

ಮತ್ತೆ ಶುರು ಮಾಡಿದೆ. ಪಟ್ಟೆ ಹೇಟೆಗಳನ್ನು ಮೂರು ವಾರ ಯಾವ ಹುಂಜವೂ ಸುಳಿಯದಂತೆ ಬೇರೆ ಇಟ್ಟೆ. ಹಳೆಯ ಹುಂಜದ ವೀರ್ಯ ಹೇಟೆಯ ಹೊಟ್ಟೆಯಲ್ಲಿ ಎರಡು-ಮೂರು ವಾರ ಉಳಿಯುತ್ತದೆ, ಇದನ್ನು ಮರೆತರೆ ಲೆಕ್ಕವೆಲ್ಲ ತಪ್ಪುತ್ತದೆ. ಆಮೇಲೆ ಕೆಂಪು ಹುಂಜ ಬಿಟ್ಟು, ಒಂದು ವಾರ ಕಳೆದ ಮೇಲೆ ಬಂದ 14 ಮೊಟ್ಟೆಗಳನ್ನು ಕಾವಿಗೆ ಇಟ್ಟೆ.

11 ಮರಿಗಳು ಒಡೆದವು. ಆರಕ್ಕೆ ನೆತ್ತಿಯ ಮೇಲೆ ಚುಕ್ಕೆ, ಐದರ ತಲೆ ಪೂರ್ತಿ ಕಪ್ಪು. ಚುಕ್ಕೆ ಇದ್ದವುಗಳ ಕಾಲಿಗೆ ದಾರ ಕಟ್ಟಿದೆ. ಜುಟ್ಟು ಕೆಂಪಾಗುವ ತನಕ ನಂಬಿಕೆ ಬರಲಿಲ್ಲ. ದಾರ ಕಟ್ಟಿದ ಆರೂ ಪಟ್ಟೆ ಹುಂಜಗಳಾದವು, ಉಳಿದ ಐದೂ ಕಪ್ಪು ಹೇಟೆಗಳು, ಕುತ್ತಿಗೆಯಲ್ಲಿ ಕೆಂಪು ಗರಿ. ಅವತ್ತು ಆದ ಖುಷಿ ಹೇಳತೀರದು.

ಬಿಳಿ ಹುಂಜವನ್ನು ಮಾತ್ರ ಇದಕ್ಕೆ ಬಳಸಬೇಡಿ. ಬಿಳಿ ಬಣ್ಣದ ಅಡಿಯಲ್ಲಿ ಪಟ್ಟೆ ಅಡಗಿರಬಹುದು. ಈ ಮರಿಗಳನ್ನೇ ಬೆಳೆಸಿ ಒಂದಕ್ಕೊಂದು ಕೂಡಿಸಿದರೂ ಗುರುತು ಸಿಗುವುದಿಲ್ಲ, ಗಂಡು-ಹೆಣ್ಣು ಎರಡರಲ್ಲೂ ಪಟ್ಟೆ ಬೆರೆತುಹೋಗುತ್ತದೆ. ಅದಕ್ಕೇ ಎರಡೂ ತಳಿಗಳನ್ನು ಬೇರೆ ಬೇರೆ ಗೂಡಿನಲ್ಲಿ, ಅವುಗಳದ್ದೇ ಹುಂಜದ ಜೊತೆ ಉಳಿಸಿಕೊಂಡಿದ್ದೇನೆ.