ಭಾನುವಾರದ ಡಬ್ಬಿ, ಬುಧವಾರದ ಹುಳಿ

ಆಫೀಸಿನಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಏಳೂವರೆ. ಎಂಟೂಕಾಲಿಗೆ ಅನ್ನ, ಹುಳಿ, ಒಂದು ಪಲ್ಯ ತಟ್ಟೆಗೆ ಬೀಳಬೇಕು. ಈಗ ಬೀಳುತ್ತದೆ. ಮೊದಲ ವರ್ಷ ಮಾತ್ರ ಬರೀ ಪರದಾಟ.

ಒಮ್ಮೆ ಕೆಲಸ ಬೇಗ ಮುಗಿಯಲಿ ಎಂದು ಬೇಳೆ, ನವಿಲುಕೋಸು, ಹುಣಸೆರಸ ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಸುರಿದು ಐದು ವಿಸಲ್ ಕೂಗಿಸಿದೆ. ಮುಚ್ಚಳ ತೆಗೆದರೆ ಬೇಳೆ ಕಾಳುಕಾಳಾಗಿ ಹಾಗೇ ಕೂತಿದೆ. ಹುಳಿ ಸೋಕಿದರೆ ಬೇಳೆ ಬೇಯುವುದಿಲ್ಲ ಅನ್ನುವುದು ಅಮ್ಮನಿಗೆ ಎಷ್ಟು ಸಹಜವೆಂದರೆ, ಅದನ್ನು ಹೇಳಿಕೊಡಬೇಕೆಂದೇ ಅವರಿಗೆ ಹೊಳೆದಿರಲಿಲ್ಲ.

ಈಗ ಕುಕ್ಕರಿನಲ್ಲಿ ಎರಡು ಡಬ್ಬಿ. ಕೆಳಗಿನದರಲ್ಲಿ ತೊಗರಿಬೇಳೆ, ಚಿಟಿಕೆ ಅರಿಶಿನ, ಉಕ್ಕದಿರಲೆಂದು ಎರಡು ಹನಿ ಎಣ್ಣೆ. ಮೇಲಿನದರಲ್ಲಿ ಅಕ್ಕಿ. ಬೇಳೆಯನ್ನು ಬೆಳಗ್ಗೆಯೇ ನೆನೆಹಾಕಿ ಫ್ರಿಜ್ಜಿನಲ್ಲಿಟ್ಟು ಹೋಗಿರುತ್ತೇನೆ, ನಾಲ್ಕು ವಿಸಲ್ಲಿಗೆ ಹಣ್ಣಾಗುತ್ತದೆ. ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ತರಕಾರಿ ಉಪ್ಪು ಹಾಕಿದ ನೀರಿನಲ್ಲಿ ಬೆಂದಿರುತ್ತದೆ. ಹುಣಸೆ ಬೀಳುವುದು ಆಮೇಲೆ.

ನಿಜವಾದ ಅಡುಗೆ ಭಾನುವಾರವೇ ಆಗಿರುತ್ತದೆ ಅನ್ನಿ. 100 ಗ್ರಾಂ ಹುಣಸೆಹಣ್ಣನ್ನು ಕುದಿನೀರಲ್ಲಿ ನೆನೆಸಿ, ಕಿವುಚಿ, ಸೋಸಿ, ಉಪ್ಪು ಹಾಕಿ ಗಟ್ಟಿಯಾಗುವವರೆಗೆ ಕುದಿಸಿ ಬಾಟಲಿಗೆ ತುಂಬುತ್ತೇನೆ. ಹುಳಿಪುಡಿಗೆ ಒಂದು ಕಪ್ ಧನಿಯ, ಕಾಲು ಕಪ್ ಕಡಲೆಬೇಳೆ, ಎರಡು ಚಮಚ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಬಣ್ಣಕ್ಕೆ 25 ಬ್ಯಾಡಗಿ, ಖಾರಕ್ಕೆ ನಾಲ್ಕು ಗುಂಟೂರು. ಎಲ್ಲವನ್ನೂ ಬೇರೆಬೇರೆಯಾಗಿ ಹುರಿಯಬೇಕು. ಮೆಂತ್ಯ ಒಂದು ಕ್ಷಣ ಹೆಚ್ಚು ಹುರಿದರೂ ಇಡೀ ಡಬ್ಬಿ ಕಹಿ. ಪುಡಿಗೆ ಕೊಬ್ಬರಿ ಸೇರಿಸುವುದಿಲ್ಲ, ಕಮಟು ಬರುತ್ತದೆ.

ತೆಂಗಿನಕಾಯಿಯನ್ನು ತುರಿದು, ಚೀಲದಲ್ಲಿ ತೆಳ್ಳಗೆ ಹರಡಿ ಫ್ರೀಜರಿಗೆ. ಬೇಕಾದಷ್ಟು ಮುರಿದುಕೊಂಡರಾಯಿತು. ಆದರೆ ಆ ಹೆಪ್ಪನ್ನು ತಣ್ಣೀರಿನ ಜೊತೆ ಮಿಕ್ಸಿಗೆ ಹಾಕಿದರೆ ಜಿಡ್ಡು ಬೇರ್ಪಟ್ಟು ಬೆಣ್ಣೆಯಂತೆ ಅಂಟುತ್ತದೆ. ಉಗುರುಬೆಚ್ಚಗಿನ ನೀರು ಹಾಕಿ, ಎರಡು ಚಮಚ ಹುಳಿಪುಡಿ ಸೇರಿಸಿ ರುಬ್ಬಿದರೆ ಬುಧವಾರದ ಮಸಾಲೆಯೂ ಆಗಷ್ಟೇ ಹುರಿದು ರುಬ್ಬಿದಂತೆಯೇ ಇರುತ್ತದೆ. ಹೆಚ್ಚುಕಡಿಮೆ.

ಪಲ್ಯಕ್ಕೆ ಬೀನ್ಸ್ ಹೆಚ್ಚಿಟ್ಟರೆ ಮೂರು ದಿನ ತಡೆಯುತ್ತದೆ. ಬದನೆಕಾಯಿಯ ತಂಟೆಗೆ ಹೋಗಬೇಡಿ, ಕಪ್ಪಾಗುತ್ತದೆ.

ಈ ಹುಮ್ಮಸ್ಸಿನಲ್ಲಿ ಒಮ್ಮೆ ವಾರಕ್ಕಾಗುವಷ್ಟು ಒಗ್ಗರಣೆಯನ್ನೂ ಮಾಡಿ ಶೀಷೆಗೆ ತುಂಬಿಟ್ಟಿದ್ದೆ. ಎರಡನೇ ದಿನಕ್ಕೇ ಸಾಸಿವೆ ಮೆತ್ತಗೆ, ಕರಿಬೇವು ಜೋಲುಮೋರೆ, ಇಂಗಿನ ಘಮ ಎಲ್ಲಿ ಹೋಯಿತೋ. ಇಡೀ ಶೀಷೆ ಚೆಲ್ಲಿದೆ. ಒಗ್ಗರಣೆಗೆ ಬೇಕಾಗುವುದು ಒಂದೇ ನಿಮಿಷ. ಅದನ್ನು ಉಳಿಸಿ ನಾನು ಮಾಡುವುದಾದರೂ ಏನು? ಈಗ ಹುಳಿ ಕುದಿದು ಇಳಿಸಿದ ಮೇಲೆಯೇ ಸೌಟಿನಲ್ಲಿ ಎಣ್ಣೆ ಕಾಯಿಸಿ ಚೊಂಯ್ ಎನಿಸಿ ಮುಚ್ಚಿಡುತ್ತೇನೆ.

ಮಿಕ್ಕ ಹುಳಿ ಮರುದಿನ ಬೆಳಗ್ಗೆ ದೋಸೆಗೆ. ದೋಸೆಹಿಟ್ಟು ಅಂಗಡಿಯದು, ಅದಕ್ಕೆ ನನಗೇನೂ ನಾಚಿಕೆಯಿಲ್ಲ.