ಪತ್ರಾಗಾರಕ್ಕೆ ಮೊದಲ ಸಲ ಹೋಗುವವರಿಗೆ

ಹಳೇ ದಾಖಲೆ ನೋಡುವುದಕ್ಕೆ ಪತ್ರಾಗಾರಕ್ಕೆ ಹೊರಟಿದ್ದೀರಾ? ಅದನ್ನು ಮಾಮೂಲಿ ಲೈಬ್ರರಿ ಅಂದುಕೊಳ್ಳಬೇಡಿ. ಅಲ್ಲಿ ಸಾಮಾನ್ಯವಾಗಿ ನಾವೇ ಕಪಾಟಿಗೆ ಕೈ ಹಾಕುವ ಹಾಗಿಲ್ಲ. ಕ್ಯಾಟಲಾಗ್‌ನಲ್ಲಿ ಕಡತದ ನಂಬರ್ ಹುಡುಕಿ ಚೀಟಿ ಬರೆದು ಕೊಟ್ಟರೆ ಸಿಬ್ಬಂದಿ ಒಳಗಿನಿಂದ ತಂದುಕೊಡುತ್ತಾರೆ. ಕೆಲವು ಕಟ್ಟುಗಳು ಬೇರೆ ಕಟ್ಟಡದಲ್ಲಿರುತ್ತವೆ, ಬರುವುದಕ್ಕೆ ಒಂದೆರಡು ದಿನವೂ ಆಗಬಹುದು, ಅದಕ್ಕೇ ಮೊದಲೇ ಫೋನ್ ಮಾಡಿ ನಂಬರ್ ಹೇಳಿಬಿಡಿ, ಸುಮ್ನೆ ಹೋಗಿ ವಾಪಸ್ ಬರುವುದು ತಪ್ಪುತ್ತದೆ.

ಗುರುತಿನ ಚೀಟಿ ಮರೆಯಬೇಡಿ. ಬ್ಯಾಗು, ನೀರಿನ ಬಾಟಲಿ ಹೊರಗೆ ಲಾಕರ್‌ನಲ್ಲಿ. ಪೆನ್ನು ಕೂಡ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಶಾಯಿ ತಾಗಿದರೆ ಹೋಗಲ್ಲ ಅಲ್ವಾ.

ಬಿಳಿ ಕೈಗವಸು ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ನಾನೂ ಒಂದು ಜೊತೆ ಕೊಂಡು ಹೋಗಿದ್ದೆ! ಕಾಗದಕ್ಕೆ ತೊಳೆದು ಒರೆಸಿದ ಕೈಯೇ ವಾಸಿ. ಕೈಗವಸು ಹಾಕಿದರೆ ಹಾಳೆಯ ಅಂಚು ಬೆರಳಿಗೆ ಗೊತ್ತಾಗದೆ ಹರಿಯುವುದೇ ಜಾಸ್ತಿ. ಫೋಟೋ, ನೆಗೆಟಿವ್ ಮುಟ್ಟುವಾಗ ಮಾತ್ರ ಬೇಕು.

ಇನ್ನೊಂದು ಮುಖ್ಯ ವಿಷಯ. ಕಡತದಲ್ಲಿ ಹಾಳೆಗಳು ಹಿಂದುಮುಂದಾಗಿವೆ ಅನ್ನಿಸಿದರೂ ನೀವೇ ಜೋಡಿಸಬೇಡಿ. ಆ ಕ್ರಮವೂ ಒಂದು ಸಾಕ್ಷಿಯೇ. ಸಿಬ್ಬಂದಿಗೆ ಹೇಳಿ, ಸಾಕು.

ಮೊಬೈಲಿನಲ್ಲಿ ಫೋಟೋ ತೆಗೆಯುವ ಮುಂಚೆ ಕೇಳಿ, ಫ್ಲಾಶ್ ಆಫ್ ಮಾಡಿ. ತೆಗೆದದ್ದನ್ನು ಪುಸ್ತಕದಲ್ಲಿ ಹಾಕುವುದಕ್ಕೆ ಬೇರೆ ಅನುಮತಿ ಬೇಕಾಗುತ್ತದೆ. ಬದುಕಿರುವವರ ಖಾಸಗಿ ವಿವರ ಇರುವ ಕಡತಗಳನ್ನು ಎಷ್ಟೋ ವರ್ಷ ಮುಚ್ಚಿಟ್ಟಿರುತ್ತಾರೆ. ಕೊಡಲ್ಲ ಅಂದರೆ ಜಗಳ ಬೇಡ, ಯಾವ ವರ್ಷ ತೆರೆಯುತ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.